ದೊಡ್ಡೋನ ಕೊನೆಯ ಸ್ಟ್ರಾಗಳು

ಕುದುರೆ ತಳಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೂವತ್ತಕ್ಕ ಎಂದು. ವಯಸ್ಸು ಮೂವತ್ತೇನೋ ಅಂದುಕೊಳ್ಳಬೇಡಿ. ಐವತ್ತೇಳು ತುಂಬಿ, ಮಂಡಿಗೆ ಕೈ ಕೊಟ್ಟುಕೊಂಡು ಮೆಟ್ಟಿಲು ಹತ್ತುವ ಹೆಂಗಸು. ಹೆಸರು ಬಂದದ್ದು ಅವಳ ಬಾಯಿಂದಲೇ. ಹೆಪ್ಪುಗಟ್ಟಿಸಿಟ್ಟ ಕುದುರೆ ವೀರ್ಯವನ್ನು ಕರಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ನೂರರಲ್ಲಿ ಮೂವತ್ತಾದರೂ ನೆಟ್ಟಗೆ ಮುಂದಕ್ಕೆ ಓಡುತ್ತಿರಬೇಕು. ಓಡಿದರೆ ಪಾಸು. ಇಲ್ಲದಿದ್ದರೆ ಇಡೀ ಬ್ಯಾಚು ಬಚ್ಚಲಿಗೆ. ಇಪ್ಪತ್ತೊಂಬತ್ತಕ್ಕೆ ಬಂದು ನಿಂತರೂ ಅವಳು ಕಣ್ಣೆತ್ತಿ ಹೇಳುತ್ತಿದ್ದದ್ದು ಒಂದೇ ಮಾತು: "ಮೂವತ್ತಿಲ್ಲ." ದೊಡ್ಡ ದೊಡ್ಡ ಕುದುರೆಗಳ ಮಾಲೀಕರು ಬಂದು ಕೈ ಮುಗಿದದ್ದಿದೆ, ಗದರಿದ್ದಿದೆ, ಮೇಲಿನವರಿಂದ ಫೋನು ಮಾಡಿಸಿದ್ದಿದೆ. "ಫೋನ್ ಮಾಡಿದ್ರೆ ಅವು ಎದ್ದು ಓಡ್ತವಾ?" ಎಂದು ಕೇಳಿ ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದಳು.

ಈ ಕೆಲಸ ಏನೆಂದು ಹೊರಗಿನವರಿಗೆ ಹೇಳುವುದೇ ಒಂದು ಪೇಚಾಟ. ಮೊದಮೊದಲು ನಾಚಿಕೊಂಡು "ಲ್ಯಾಬಲ್ಲಿದೀನಿ" ಎಂದು ಸುಮ್ಮನಾಗುತ್ತಿದ್ದಳು. ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ "ನಮ್ಮಮ್ಮ ಕುದುರೆ ಡಾಕ್ಟರು" ಎಂದು ಹೇಳಿಕೊಂಡು ಬಂದಿದ್ದಳು, ಇವಳೂ ತಿದ್ದಲು ಹೋಗಲಿಲ್ಲ. ನಾದಿನಿಗೆ ಮಾತ್ರ ಹೇಗೋ ಗೊತ್ತಾಗಿ, ಐದು ವರ್ಷ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು. ಒಂದು ದಿನ ಇವಳಿಗೂ ತಾಳ್ಮೆ ತಪ್ಪಿ ಹೇಳಿಯೇಬಿಟ್ಟಳು: "ನಗು ನಗು. ನಾನು ಗಂಡು ಜಾತೀನ ದಿನಾ ಎಣಿಸ್ತಾ ಇರೋಳು ಕಣೇ. ನೂರರಲ್ಲಿ ಐವತ್ತು ಬಿದ್ದಲ್ಲೇ ಬಿದ್ದಿರ್ತವೆ, ಇಪ್ಪತ್ತು ನಿಂತಲ್ಲೇ ಗಿರಕಿ ಹೊಡೀತವೆ, ಕೆಲಸಕ್ಕೆ ಬರೋದು ಮಿಕ್ಕಿದ್ದು. ನಿಮ್ಮನೇಲಿ ಏನು ಬೇರೆ ಥರಾನಾ?" ಆಮೇಲೆ ನಾದಿನಿ ನಗಲಿಲ್ಲ.

ಅದೆಲ್ಲ ಹಳೇ ಕಥೆ. ಈಗ ತಮಾಷೆ ಮಾಡುವ ಉಸಿರೂ ಅವಳಲ್ಲಿ ಉಳಿದಿರಲಿಲ್ಲ. ಮೂವತ್ತೊಂದು ವರ್ಷ ಒಂದೇ ಕೋಣೆ. ಹಗಲಲ್ಲೂ ಲೈಟು ಹಾಕಿಕೊಂಡಿರಬೇಕಾದ ಜಾಗ. ಗೋಡೆಯುದ್ದಕ್ಕೂ ನೈಟ್ರೋಜನ್ ತುಂಬಿದ ಹೊಟ್ಟೆ ಡುಮ್ಮ ಕ್ಯಾನುಗಳು, ಮುಚ್ಚಳ ತೆಗೆದರೆ ಮುಖಕ್ಕೆ ರಪ್ಪನೆ ಬಡಿಯುವ ಬಿಳಿ ಹೊಗೆ, ಮೂಲೆಯಲ್ಲಿ ಸದಾ ಗುಂಯ್‌ಗುಡುವ ಬಿಸಿನೀರಿನ ತೊಟ್ಟಿ. ಸೂಕ್ಷ್ಮದರ್ಶಕಕ್ಕೆ ಬಗ್ಗಿ ಬಗ್ಗಿ ಕುತ್ತಿಗೆ ಹಿಂದೆ ಒಂದು ಗಂಟು ಕಟ್ಟಿಕೊಂಡಿತ್ತು. ನಾಲ್ಕು ವರ್ಷದ ಹಿಂದೆ ಎಣಿಸುವ ಮೆಷಿನ್ನೊಂದು ಬಂದಾಗ ಇನ್ನೇನು ತನಗೆ ಬಿಡುಗಡೆ ಅಂದುಕೊಂಡಿದ್ದಳು. ಆ ಮಹಾಶಯ ವೀರ್ಯಕ್ಕೆ ಬೆರೆಸುವ ದ್ರಾವಣದಲ್ಲಿರುವ ಮೊಟ್ಟೆ ಹಳದಿಯ ಕಣಗಳನ್ನೂ ಸತ್ತ ವೀರ್ಯಾಣು ಎಂದು ಎಣಿಸಿ, ಒಳ್ಳೊಳ್ಳೇ ಕುದುರೆಗಳ ಮಾನ ತೆಗೆಯಿತು. ಅದಕ್ಕೆ ಬಟ್ಟೆ ಹೊದಿಸಿ ಮೂಲೆಗಿಟ್ಟರು. ಇವಳು ಮತ್ತೆ ಬಗ್ಗಿದಳು.

ಗಂಡನೂ ಅದೇ ಕೇಂದ್ರದವನು. ಲಾಯದಲ್ಲಿ ಗಂಡು ಕುದುರೆಗಳನ್ನು ನೋಡಿಕೊಳ್ಳುವ ಕೆಲಸ, ಮೂವತ್ನಾಲ್ಕು ವರ್ಷ. ಅದರಲ್ಲಿ ಕೊನೆಯ ಹನ್ನೆರಡು ವರ್ಷ ಒಂದೇ ಕುದುರೆಯ ಹಿಂದೆ ಹೋಯಿತು. ದಾಖಲೆಯಲ್ಲಿ ಅದು ನಲವತ್ತೊಂದನೇ ನಂಬರು. ಅವನ ಬಾಯಲ್ಲಿ ದೊಡ್ಡೋನು. ನಾಲ್ಕು ವರ್ಷದ ಕುದುರೆಯಾಗಿ ಬಂದಾಗ ಯಾರನ್ನೂ ಹತ್ತಿರ ಸೇರಿಸದೆ ಇಬ್ಬರ ಭುಜ ಕಚ್ಚಿದ್ದ ಪ್ರಾಣಿ, ಇವನ ಜೇಬಿಗೆ ಮೂತಿ ಹಾಕಿ ಕರ್ಚೀಫು ಎಳೆಯುವಷ್ಟು ಸಲಿಗೆಯದಾಯಿತು. ಮನೆಗೆ ಬಂದರೂ ಅದೇ ಸುದ್ದಿ: ದೊಡ್ಡೋನು ಇವತ್ತು ಹುಲ್ಲು ಬಿಟ್ಟ, ದೊಡ್ಡೋನಿಗೆ ಹೊಸ ಲಾಳ ಹಿಡಿಸಲಿಲ್ಲ. "ನನಗೆ ಇಷ್ಟು ಉಪಚಾರ ಮಾಡಿದ್ರೆ ನಾನೂ ಲಾಯದಲ್ಲೇ ಇರ್ತಿದ್ದೆ" ಎಂದು ಮೂವತ್ತಕ್ಕ ಗೊಣಗುತ್ತಿದ್ದಳು.

ಹೋದ ಬೆದೆ ಸೀಸನ್ನಿನ ಕೊನೆಯಲ್ಲಿ ದೊಡ್ಡೋನು ಸತ್ತ. ಹದಿನಾರು ವರ್ಷ ಆಗಿತ್ತು. ಹೊಟ್ಟೆಯೊಳಗೆ ಕೀವುಗಟ್ಟಿದ್ದ ಗಡ್ಡೆ ಒಡೆದು, ಐದು ದಿನ ನರಳಿ, ಆರನೇ ದಿನ ಬೆಳಿಗ್ಗೆ ಏಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಗಂಡನೂ ಕೆಲಸದಿಂದ ನಿವೃತ್ತನಾದ. ಸೊಂಟದ ಮೂಳೆ ಸವೆದಿತ್ತು, ಕೋಲು ಬಂತು. ಮನೆಯ ಕಿಟಕಿ ಹತ್ತಿರದ ಮಂಚದ ಮೇಲೆ ಕೂತು ರಸ್ತೆ ನೋಡುವುದೇ ಅವನ ಕೆಲಸವಾಯಿತು.

ದೊಡ್ಡೋನದು ಒಂದು ಬ್ಯಾಚು ಉಳಿದಿತ್ತು. ಇಪ್ಪತ್ನಾಲ್ಕು ಸ್ಟ್ರಾ, ಸ್ಟ್ರಾ ಅಂದರೆ ಬಾಲ್‌ಪೆನ್ನಿನ ರೀಫಿಲ್ಲಿನಂಥ ಪುಟ್ಟ ಕೊಳವೆ. ಎಂಟು ಸ್ಟ್ರಾ ಸೇರಿದರೆ ಒಂದು ಹೆಣ್ಣು ಕುದುರೆಗೆ ಒಂದು ಸಲಕ್ಕೆ ಸಾಲುತ್ತದೆ. ಕುದುರೆ ಕಾಯಿಲೆ ಬೀಳುವ ಹಿಂದಿನ ದಿನ ತೆಗೆದದ್ದು. ಆ ದಿನ ಮೂವತ್ತಕ್ಕ ತಂಗಿಯ ಆಪರೇಷನ್ ಎಂದು ರಜೆಯಲ್ಲಿದ್ದಳು. ಬೇರೆ ಯಾರೋ ನೋಡಿ, ತಾಜಾ ವೀರ್ಯ ಹೆಚ್ಚೂಕಡಿಮೆ ಪರವಾಗಿಲ್ಲ ಎಂದು ಹೆಪ್ಪುಗಟ್ಟಿಸಿಟ್ಟಿದ್ದರು. ಮಾರನೇ ದಿನವೇ ಒಂದು ಸ್ಟ್ರಾ ಕರಗಿಸಿ ಪರೀಕ್ಷೆ ಮಾಡಬೇಕಿತ್ತು. ಅಷ್ಟರಲ್ಲಿ ಕುದುರೆ ಮಲಗಿತು, ಸತ್ತಿತು, ಸೀಸನ್ನೂ ಮುಗಿಯಿತು. ಯಾರಿಗೂ ಅದನ್ನು ಮುಟ್ಟುವ ಮನಸ್ಸಾಗಲಿಲ್ಲ. ಈಗ ಹೊಸ ಸೀಸನ್ನು ಶುರುವಾಗುವುದರಲ್ಲಿತ್ತು, ಕ್ಯಾನುಗಳಲ್ಲಿರುವುದರ ಪಟ್ಟಿ ಹೊರಡಬೇಕಿತ್ತು. ಪಾಸೋ ಫೇಲೋ ಹೇಳಲೇಬೇಕು.

ಗಂಡ ದಿನಾ ಕೇಳುತ್ತಿದ್ದ. ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಒಂದು ಸಲ, ಸಂಜೆ ಬಾಗಿಲು ತೆಗೆದಾಗ ಒಂದು ಸಲ.

"ದೊಡ್ಡೋನದು ನೋಡಿದ್ಯಾ?"

"ಇಲ್ಲ ರೀ."

ಅವಳಿಗೆ ಒಂದೊಂದು ಸಲ ರೇಗುತ್ತಿತ್ತು. ದೊಡ್ಡೋನಿಗೆ ಆಗಲೇ ಎಪ್ಪತ್ತಕ್ಕೂ ಮಿಕ್ಕಿ ಮರಿಗಳಿದ್ದವು, ಊರೂರಲ್ಲಿ ಓಡಾಡಿಕೊಂಡಿದ್ದವು. ಇನ್ನು ಮೂರು ಮರಿ ಹುಟ್ಟಿದರೆಷ್ಟು, ಬಿಟ್ಟರೆಷ್ಟು? ಆದರೆ ಇವನು ಆ ಇಪ್ಪತ್ನಾಲ್ಕು ಸ್ಟ್ರಾಗಳ ಮೇಲೆ ಜೀವ ಇಟ್ಟುಕೊಂಡವನಂತೆ ಆಡುತ್ತಿದ್ದ. ಊಟ ಕಡಿಮೆಯಾಗಿತ್ತು. ಮಗಳು ಫೋನು ಮಾಡಿದರೆ ಎರಡು ಮಾತಾಡಿ ಇವಳ ಕೈಗೆ ಕೊಟ್ಟುಬಿಡುತ್ತಿದ್ದ. ದುಃಖ, ಇನ್ನೇನು, ಎಂದುಕೊಂಡು ಅವಳೇ ಪರೀಕ್ಷೆಯನ್ನು ಇವತ್ತು ನಾಳೆ ಎಂದು ತಳ್ಳುತ್ತಾ ಬಂದಿದ್ದಳು. ಮೂವತ್ತು ಬರದಿದ್ದರೆ ಈ ಮನುಷ್ಯನ ಗತಿ ಏನು ಎಂಬ ಹೆದರಿಕೆ ಅವಳಿಗೂ ಇತ್ತು.

ಕೊನೆಗೆ ಆ ದಿನ ಬಂತು. ಗಂಡ ಬೆಳಿಗ್ಗೆಯೇ ಗಡ್ಡ ಕೆರೆದುಕೊಂಡು ಕೂತಿದ್ದ, ತಾನೇ ಪರೀಕ್ಷೆಗೆ ಹೋಗುವವನ ಹಾಗೆ.

"ಇವತ್ತು ನೋಡ್ತೀಯಾ?"

"ನೋಡ್ತೀನಿ. ಡಾಕ್ಟರಮ್ಮನೂ ಹೇಳಿದಾರೆ, ಇನ್ನು ತಳ್ಳೋ ಹಾಗಿಲ್ಲ."

"ಮೂವತ್ತು ಬರುತ್ತೆ ಬಿಡು."

"ಬಂದ್ರೆ ಬರುತ್ತೆ."

"ಬಂದ್ರೆ ಅಲ್ಲ. ಬರುತ್ತೆ. ಅವನು ಚೆನ್ನಾಗೇ ಇದ್ದ." ಕೊನೆಯ ಮಾತನ್ನು ಅವನು ತುಸು ಜೋರಾಗಿಯೇ ಹೇಳಿದ. ಅವಳು ಡಬ್ಬಿಗೆ ಮುಚ್ಚಳ ಹಾಕಿ ಹೊರಟಳು.

ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಬ್ಯಾಚನ್ನೂ ಇಬ್ಬರು ನೋಡಬೇಕು, ಮಾತಾಡಬಾರದು. ನೋಡಿದವರು ತಮ್ಮ ಅಂಕಿಯನ್ನು ಚೀಟಿಯಲ್ಲಿ ಬರೆದು ಮಡಿಸಿ ಮೇಜಿನ ಮೇಲಿಡಬೇಕು. ಎರಡೂ ಚೀಟಿ ಒಟ್ಟಿಗೆ ಬಿಚ್ಚಬೇಕು. ಎರಡನೆಯವರು ಈಗ ಡಾಕ್ಟರಮ್ಮ. ಬಂದು ಎರಡು ವರ್ಷವಾಗಿದ್ದ, ಮೂವತ್ತಕ್ಕನ ಮಗಳ ವಯಸ್ಸಿನ, ಮೆತ್ತನೆ ಮನಸ್ಸಿನ ಹೆಂಗಸು. ಹುದ್ದೆಯಲ್ಲಿ ಮೇಲಿನವಳಾದರೂ "ಅಕ್ಕ" ಅನ್ನದೆ ಮಾತಾಡಿದವಳಲ್ಲ.

ಮೂವತ್ತಕ್ಕ ಕ್ಯಾನಿನ ಮುಚ್ಚಳ ತೆಗೆದು, ಹೊಗೆಯೊಳಗೆ ಉದ್ದದ ಇಕ್ಕಳ ಇಳಿಸಿ, ಒಂದು ಸ್ಟ್ರಾ ಎತ್ತಿ ಒಂದೇ ಓಟಕ್ಕೆ ತೊಟ್ಟಿಗೆ ಹಾಕಿದಳು. ಮೂವತ್ತೇಳು ಡಿಗ್ರಿ ನೀರು, ಮೂವತ್ತು ಸೆಕೆಂಡು. ತೆಗೆದು ಒರೆಸಿದಳು, ಹೊರಗಿನ ನೀರು ಒಂದು ಹನಿ ಸೇರಿದರೂ ಒಳಗಿನವು ಸಾಯುತ್ತವೆ. ತುದಿ ಕತ್ತರಿಸಿ ಬೆಚ್ಚಗಿನ ದ್ರಾವಣಕ್ಕೆ ಬಿಟ್ಟು ಹತ್ತು ನಿಮಿಷ ಕಾದಳು. ಹೆಪ್ಪಿನಿಂದ ಎದ್ದವಕ್ಕೆ ಮೈಮುರಿಯಲೂ ಹೊತ್ತು ಬೇಕು, ಅವಸರ ಮಾಡಿ ನೋಡಿದರೆ ಅನ್ಯಾಯವಾಗುತ್ತದೆ. ಆಮೇಲೆ ಬೆಚ್ಚಗಿನ ಸ್ಲೈಡಿನ ಮೇಲೆ ಒಂದು ಹನಿ ಇಟ್ಟು ಬಗ್ಗಿದಳು.

ಎಷ್ಟೋ ವರ್ಷದ ಕಣ್ಣು, ಎಣಿಸುವ ಮುಂಚೆಯೇ ಗೊತ್ತಾಗಿಬಿಡುತ್ತದೆ. ಆದರೂ ಐದು ಕಡೆ ಸರಿಸಿ ಸರಿಸಿ ಎಣಿಸಿದಳು. ಚೀಟಿ ಬರೆದು ಮಡಿಸಿ, ಡಾಕ್ಟರಮ್ಮನಿಗೆ ಜಾಗ ಬಿಟ್ಟಳು.

ಬಿಚ್ಚಿದಾಗ ಇವಳದು ಹದಿನೆಂಟು, ಡಾಕ್ಟರಮ್ಮನದು ಇಪ್ಪತ್ತೊಂದು.

"ಇನ್ನೊಂದು ಸ್ಟ್ರಾ ನೋಡೋಣ ಅಕ್ಕ," ಎಂದಳು ಡಾಕ್ಟರಮ್ಮ. ನೋಡಿದರು. ಹದಿನೆಂಟು, ಹತ್ತೊಂಬತ್ತು.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದಳು. ಆಮೇಲೆ ತಗ್ಗಿದ ದನಿಯಲ್ಲಿ, "ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮನೆಯವರು ಪಾಪ ಎಷ್ಟು ಹಚ್ಚಿಕೊಂಡಿದ್ರು ಅಂತ ನಂಗೂ ಗೊತ್ತು. ಒಂದೇ ಬ್ಯಾಚು. ಮೂವತ್ತು ಅಂತ ಹಾಕಿ ಕಣ್ಮುಚ್ಕೊಂಡು ಬಿಟ್ಬಿಡೋಣ್ವಾ? ಯಾರಿಗೆ ಗೊತ್ತಾಗುತ್ತೆ?" ಎಂದಳು.

"ಹೆಣ್ಣು ಕುದುರೆಗೆ ಗೊತ್ತಾಗುತ್ತೆ," ಎಂದಳು ಮೂವತ್ತಕ್ಕ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವಳು ಒಮ್ಮೆ ಸೋತಿದ್ದಳು. ಇಪ್ಪತ್ನಾಲ್ಕನ್ನು ಮೂವತ್ತು ಎಂದು ಬರೆದಿದ್ದಳು, ಯಾರದೋ ಬಲವಂತಕ್ಕೆ. ಆ ಸಲ ಒಂದು ಹೆಣ್ಣು ಕುದುರೆಗೆ ಮೂರು ಬೆದೆ ದಂಡವಾಯಿತು. ಅದರ ಮಾಲೀಕ ಪ್ರತಿ ಸಲ ಒಂದು ದಿನದ ದಾರಿ ಲಾರಿಯಲ್ಲಿ ತರುತ್ತಿದ್ದ, ಪ್ರತಿ ಸಲ "ಈ ಸಲ ನಿಲ್ಲುತ್ತೆ ಅಲ್ವಾಮ್ಮ?" ಎಂದು ಇವಳನ್ನೇ ಕೇಳುತ್ತಿದ್ದ. ಇವಳು ತಲೆ ಆಡಿಸುತ್ತಿದ್ದಳು. ಅದಾದ ಮೇಲೆ ಆ ತಲೆ ಯಾರಿಗೂ ಹಾಗೆ ಆಡಲಿಲ್ಲ.

"ಫೇಲ್ ಅಂತಾನೇ ಹಾಕಿ," ಎಂದಳು.

ಡಾಕ್ಟರಮ್ಮ ಫಾರಂ ಎಳೆದುಕೊಂಡಳು. "ಕಾರಣ ಅಂತ ಒಂದು ಕಾಲಂ ಇದೆಯಲ್ಲ, ಅಲ್ಲಿ ಏನು ಬರೆಯೋಣ? ಫ್ರೀಜಿಂಗ್ ಸರಿಯಾಗಿಲ್ಲ ಅಂತ ಬರೀಲಾ?"

"ಅದೇ ದಿನ, ಅದೇ ಪೆಟ್ಟಿಗೇಲಿ ಫ್ರೀಜ್ ಮಾಡಿದ ಇನ್ನೊಂದು ಕುದುರೇದು ನಲವತ್ತೆರಡು ಬಂದಿದೆ. ಬಣ್ಣ ಹಾಕಿ ನೋಡ್ತೀನಿ ಇರಿ."

ಇಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಹಾಳು ಅಭ್ಯಾಸ, ಬಿಡಬೇಕಲ್ಲ! ಉಳಿದಿದ್ದ ಹನಿಗೆ ಬಣ್ಣ ಬೆರೆಸಿ, ಸ್ಲೈಡಿನ ಮೇಲೆ ಸವರಿ, ಒಣಗಿಸಿ, ಮತ್ತೆ ಕಣ್ಣಿಟ್ಟಳು. ಬಣ್ಣ ಹಾಕಿದರೆ ಸತ್ತವು ಕೆಂಪಗೆ, ಬದುಕಿದ್ದವು ಬೆಳ್ಳಗೆ ಕಾಣುತ್ತವೆ; ಒಂದೊಂದರ ಆಕಾರವೂ ಬಿಡಿಸಿಟ್ಟಂತೆ ತಿಳಿಯುತ್ತದೆ. ತಲೆ ಕಳಚಿದವು ಒಂದಿಷ್ಟು. ಕುತ್ತಿಗೆಯಲ್ಲಿ ಸಣ್ಣ ಹನಿ ಅಂಟಿಸಿಕೊಂಡವು ಎಲ್ಲೆಂದರಲ್ಲಿ. ಹೆಪ್ಪುಗಟ್ಟಿಸುವಾಗ ಕೆಟ್ಟರೆ ಬಾಲ ಡೊಂಕಾಗಬಹುದು, ಕುತ್ತಿಗೆಯಲ್ಲಿ ಹನಿ ಕೂರುವುದಿಲ್ಲ. ಅದು ಕುದುರೆಯ ಮೈಯೊಳಗೇ ಆಗಿ ಬರುವ ಕೇಡು. ಈ ಚಿತ್ರವನ್ನು ಅವಳು ಮೂವತ್ತೊಂದು ವರ್ಷದಲ್ಲಿ ಆರೇಳು ಸಲವಾದರೂ ನೋಡಿದ್ದಳು. ಜೋರು ಜ್ವರ ಕಂಡ ಕುದುರೆಯ ವೀರ್ಯ ಅದು. ಜ್ವರ ಬಂದ ದಿನವೇ ವೀರ್ಯ ಕೆಡುವುದಿಲ್ಲ. ಒಳಗೆ ಅದು ತಯಾರಾಗಲು ಎರಡು ತಿಂಗಳು ಬೇಕು. ಜ್ವರದ ಬಿಸಿಗೆ ಸಿಕ್ಕಿದ್ದು ತಿಂಗಳಾದ ಮೇಲೆ ಹೊರಗೆ ಬಂದು ಚಾಡಿ ಹೇಳುತ್ತದೆ.

ಆದರೆ ದೊಡ್ಡೋನಿಗೆ ಜ್ವರ ಬಂದಿರಲಿಲ್ಲವಲ್ಲ.

ಸತ್ತ ದಿನ ಹೊಟ್ಟೆ ಬಗೆದು ನೋಡಿದ ದೊಡ್ಡ ಡಾಕ್ಟರು, "ಇದು ಹಳೇ ಸೋಂಕು ಕಣಯ್ಯ. ತಿಂಗಳ ಹಿಂದೆ ಜ್ವರ ಬಂದಿರ್ಲೇಬೇಕು, ಬಂದಿತ್ತಾ?" ಎಂದು ಕೇಳಿದ್ದರು. ಮೂವತ್ತಕ್ಕ ಅಲ್ಲೇ ನಿಂತಿದ್ದಳು. "ಇಲ್ಲ ಸಾರ್. ಶೀಟು ನೋಡಿ ಬೇಕಾದ್ರೆ" ಎಂದಿದ್ದ ಗಂಡ. ದಿನಾ ಬೆಳಿಗ್ಗೆ ಕುದುರೆಯ ಮೈಬಿಸಿ ನೋಡಿ ಶೀಟಿನಲ್ಲಿ ಬರೆಯುವುದು ಅವನದೇ ಕೆಲಸ. ಡಾಕ್ಟರು ನೋಡಿದರು, ಎಲ್ಲ ಸರಿಯಾಗೇ ಇತ್ತು. ಅಲ್ಲಿಗೆ ಮಾತು ಮುಗಿದಿತ್ತು.

ಅವಳು ಎದ್ದು ಪಕ್ಕದ ಕೋಣೆಯ ಬೀರುವಿನಿಂದ ಹಳೇ ಶೀಟುಗಳ ಕಟ್ಟು ಬಿಚ್ಚಿದಳು. ಗಂಡನ ದುಂಡು ಅಕ್ಷರ. ಮೂವತ್ತೇಳು ಪಾಯಿಂಟ್ ಎಂಟು, ಮೂವತ್ತೆಂಟು, ಮೂವತ್ತೇಳು ಪಾಯಿಂಟ್ ಒಂಬತ್ತು, ದಿನಕ್ಕೊಂದು ಥರ, ಯಾವ ಪ್ರಾಣಿಗಾದರೂ ಇರುವ ಹಾಗೆ. ವೀರ್ಯ ತೆಗೆಯುವ ಐದು ವಾರ ಮುಂಚಿನ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು. ಮೂವತ್ತೆಂಟು, ಮೂವತ್ತೆಂಟು, ಮೂವತ್ತೆಂಟು, ಮೂವತ್ತೆಂಟು, ಮೂವತ್ತೆಂಟು. ಐದು ದಿನ, ಪಾಯಿಂಟು ಕೂಡ ಆಚೀಚೆ ಇಲ್ಲ. ಒಂದೇ ಸಲ ಕೂತು ಬರೆದ ಅಕ್ಷರ. ಗಂಡನಿಗೆ ಸುಳ್ಳು ಬರೆದು ಅಭ್ಯಾಸ ಇರಲಿಲ್ಲ, ಪಾಪ. ಸುಳ್ಳಿಗೂ ಸ್ವಲ್ಪ ಏರುಪೇರು ಬೆರೆಸಬೇಕು ಎಂದು ಅವನಿಗೆ ಹೊಳೆದಿರಲಿಲ್ಲ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಆಗ ಎಲ್ಲ ಅರ್ಥವಾಯಿತು. ಅವನಿಗೆ ಬೇಕಾಗಿದ್ದದ್ದು ಮರಿ ಅಲ್ಲ. ಬ್ಯಾಚು ಪಾಸಾದರೆ ದೊಡ್ಡೋನು ಚೆನ್ನಾಗೇ ಇದ್ದ ಎಂದಾಗುತ್ತದೆ; ಅಷ್ಟು ಕೆಟ್ಟ ಜ್ವರವೇನಲ್ಲ, ತಾನು ಮುಚ್ಚಿಟ್ಟದ್ದರಿಂದ ಅವನು ಸಾಯಲಿಲ್ಲ ಎಂದಾಗುತ್ತದೆ. ಎಂಟು ತಿಂಗಳಿಂದ ಈ ಮನುಷ್ಯ ತನ್ನ ತೀರ್ಪನ್ನೇ ಕಾಯುತ್ತಾ ಕೂತಿದ್ದ. ಬರೆಯಬೇಕಾದವಳು ಇವಳು. ಆ ಐದು ದಿನ ಅವನು ಮನೆಗೆ ತಡವಾಗಿ ಬರುತ್ತಿದ್ದದ್ದು, ಬಟ್ಟೆಯೆಲ್ಲ ಒದ್ದೆ ಗೋಣಿಯ ವಾಸನೆ ಹೊಡೆಯುತ್ತಿದ್ದದ್ದು ಈಗ ನೆನಪಾಯಿತು. ಕುದುರೆ ಮೈ ತಣ್ಣಗಾಗಲಿ ಎಂದು ಒದ್ದೆ ಗೋಣಿ ಹೊದಿಸುತ್ತಿದ್ದನೇನೋ. ಏನು ಎತ್ತ ಎಂದು ಅವಳು ಕೇಳಿರಲಿಲ್ಲ. ಸುಸ್ತಾಗಿತ್ತು, ತಟ್ಟೆ ಮುಂದಿಟ್ಟು ಮಲಗಿಬಿಟ್ಟಿದ್ದಳು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

"ಡಾಕ್ಟರಮ್ಮ, ಕಾರಣದ ಕಾಲಂ ನಾಳೆ ತುಂಬ್ತೀನಿ," ಎಂದಳು ವಾಪಸ್ಸು ಬಂದು. ಡಾಕ್ಟರಮ್ಮ ಅವಳ ಮುಖ ನೋಡಿ ಸರಿ ಎಂದಳು.

ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಅವಳಿಗೆ ಕೂತ ಹಾಗೆ ಅನ್ನಿಸಲಿಲ್ಲ. ಕಾರಣ ಗೊತ್ತಿಲ್ಲ ಎಂದು ಬರೆದರೆ ಯಾರೂ ಕೇಳುವವರಿಲ್ಲ. ಜ್ವರ ಎಂದು ಬರೆದರೆ ಶೀಟು ಹೊರಗೆ ಬರುತ್ತದೆ, ಮೂವತ್ನಾಲ್ಕು ವರ್ಷ ಒಂದು ಮಾತು ಅನ್ನಿಸಿಕೊಳ್ಳದ ಗಂಡನ ಹೆಸರಿಗೆ ಮಸಿ. ಎರಡರಲ್ಲಿ ಯಾವುದನ್ನು ಬರೆದರೂ ತನಗೆ ನಿದ್ದೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಳಿಯುವ ಸ್ಟಾಪು ಬಂದಾಗ ಕಂಡಕ್ಟರು ಎರಡು ಸಲ ಕೂಗಬೇಕಾಯಿತು.

ಗಂಡ ಬಾಗಿಲು ತೆರೆದೇ ಕಾಯುತ್ತಿದ್ದ.

"ಎಷ್ಟು?"

"ಚಪ್ಪಲಿನಾದ್ರೂ ಬಿಡೋಕೆ ಬಿಡ್ತೀರಾ?"

ಅವಳು ಒಳಗೆ ಹೋಗಿ, ಒಂದು ಲೋಟ ನೀರು ಕುಡಿದು, ಬಂದು ಮಂಚದ ಮೇಲೆ ಅವನ ಪಕ್ಕ ಕೂತಳು.

"ಹದಿನೆಂಟು."

ಅವನು ಕೋಲಿನ ತುದಿ ನೋಡುತ್ತಾ ಇದ್ದ. "ಸ್ಲೈಡು ತಣ್ಣಗಿತ್ತೇನೋ."

"ಬೆಚ್ಚಗಿತ್ತು."

"ಹಾಗಾದ್ರೆ ಫ್ರೀಜ್ ಮಾಡಿದೋರು ಸರಿಯಾಗಿ ಮಾಡಿಲ್ಲ. ನೀನೂ ಇರ್ಲಿಲ್ಲ ಅವತ್ತು..."

"ರೀ," ಎಂದಳು. "ಅವನಿಗೆ ಜ್ವರ ಬಂದಿತ್ತು ಅಲ್ವಾ?"

ರಸ್ತೆಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ. ಕೊನೆಗೆ ಹತ್ತಿಕೊಂಡು ದೂರ ಹೋಯಿತು.

"ಅದೂ ಕಾಣ್ಸುತ್ತಾ ಅದರಲ್ಲಿ?"

"ಕಾಣ್ಸುತ್ತೆ." ಅವನಿಗೆ ಹೇಳಲು ಸುಲಭವಾಗಲಿ ಎಂದು ತಾನೇ ಇನ್ನಷ್ಟು ಮುಂದೆ ಹೋದಳು. "ಒಂದೆರಡು ದಿನ ಇದ್ದಿರ್ಬೇಕು."

"ನಾಲ್ಕು," ಎಂದ ಅವನು. "ನಾಲ್ಕು ದಿನ. ನಲವತ್ತು, ನಲವತ್ತೂವರೆ. ಐದನೇ ದಿನ ಇಳೀತು."

ಆಮೇಲೆ ಅವನಾಗಿಯೇ ಹೇಳಿದ. ಆ ವರ್ಷ ಹೊಸ ನಿಯಮ ಬಂದಿತ್ತು. ಹದಿನೈದು ದಾಟಿದ ಗಂಡು ಕುದುರೆ ಸೀಸನ್ನಿನಲ್ಲಿ ಒಮ್ಮೆ ಕಾಯಿಲೆ ಬಿದ್ದರೂ ಪಟ್ಟಿಯಿಂದ ತೆಗೆಯುತ್ತಿದ್ದರು. ತೆಗೆದವನ್ನು ಲಾರಿ ಹತ್ತಿಸಿ ಕಳಿಸುತ್ತಿದ್ದರು, ಎಲ್ಲಿಗೆ ಎಂದು ಕೇಳಿದರೆ ಯಾರೂ ನೆಟ್ಟಗೆ ಹೇಳುತ್ತಿರಲಿಲ್ಲ. ಅಂಥ ಎರಡು ಕುದುರೆಗಳ ಹಗ್ಗ ಹಿಡಿದು ಲಾರಿ ಹತ್ತಿಸಿದವನು ಇವನೇ. "ಇಳಿದೇ ಇಳಿಯುತ್ತೆ ಅಂದ್ಕೊಂಡೆ. ಗೋಣಿ ಹೊದಿಸಿದೆ, ನೀರು ಹಾಕಿದೆ. ಇಳೀತು ಕೂಡ. ಮೇವು ತಿಂದ, ಜೇಬಿಗೆ ಮೂತಿ ಹಾಕ್ದ. ಗೆದ್ದೆ ಅಂದ್ಕೊಂಡೆ ಕಣೇ."

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ನಿಂಗೆ ಹೇಳಿದ್ರೆ ನೀನು ಬರ್ದುಬಿಡ್ತಿದ್ದೆ."

ಹೌದು, ಬರೆಯುತ್ತಿದ್ದಳು. ಮಾರನೇ ದಿನವೇ ಬರೆಯುತ್ತಿದ್ದಳು. ಈ ಮಾತು ಅವಳಿಗೆ ನಾಟಿದ ಹಾಗೆ ಬೇರೆ ಯಾವುದೂ ನಾಟಿರಲಿಲ್ಲ.

"ಹೇಳಿದ್ದಿದ್ರೆ ಉಳೀತಿದ್ನೇನೇ?" ಎಂದು ಕೇಳಿದ ಅವನು. ದನಿ ಚಿಕ್ಕದಾಗಿತ್ತು. "ಮೊದಲ್ನೇ ದಿನಾನೇ ಡಾಕ್ಟರಿಗೆ ಹೇಳಿದ್ದಿದ್ರೆ?"

"ಇಲ್ಲ ರೀ. ಏನು ಮಾಡಿದ್ರೂ ಉಳೀತಿರ್ಲಿಲ್ಲ."

ಅವನು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ಕಣ್ಣು ತುಂಬಿತ್ತು. "ನಿಂಗೆ ಸುಳ್ಳು ಹೇಳೋಕೆ ಬರಲ್ಲ ಕಣೇ," ಎಂದ. ಸಿಟ್ಟಿನಿಂದಲ್ಲ. ಆಮೇಲೆ ಅಂಗೈಯಲ್ಲಿ ಮುಖ ಮುಚ್ಚಿಕೊಂಡು, ಎಂಟು ತಿಂಗಳಲ್ಲಿ ಅಳದೇ ಇದ್ದದ್ದನ್ನೆಲ್ಲ ಅತ್ತ. ಅವಳು ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಳು. ಅವಳಿಗೂ ಸಾಕಾಗಿಹೋಗಿತ್ತು.

ಊಟಕ್ಕೆ ಕೂತಾಗ ಅವನೇ ಕೇಳಿದ. "ಕಾರಣ ಬರೆಯೋ ಜಾಗ ಇರುತ್ತಲ್ಲ, ಏನು ಬರ್ದೆ?"

"ಇನ್ನೂ ಬರ್ದಿಲ್ಲ."

"ಬರಿ. ನಾಲ್ಕು ದಿನ ಅಂತಾನೇ ಬರಿ. ನಾಳೆ ನಾನೂ ಬರ್ತೀನಿ."

ಮಾರನೇ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೋದರು. ಬಸ್ಸು ಹತ್ತಿಸಿ ಇಳಿಸುವಷ್ಟರಲ್ಲಿ ಅವನ ಸೊಂಟ, ಇವಳ ಮಂಡಿ ಎರಡೂ ಶಾಪ ಹಾಕಿದವು. ಲ್ಯಾಬಿನ ಬಾಗಿಲಲ್ಲಿ ಅವನು ಹಿಂದೆ ಮುಂದೆ ನೋಡಿದ. ಮೂವತ್ನಾಲ್ಕು ವರ್ಷ ಇದೇ ಆವರಣದಲ್ಲಿ ದುಡಿದರೂ, ಲಾಯದ ಕಾಲಲ್ಲಿ ಒಳಗೆ ಬರಬಾರದು ಎಂಬ ನಿಯಮಕ್ಕೆ ಕಟ್ಟುಬಿದ್ದು ಒಮ್ಮೆಯೂ ಹೊಸಿಲು ದಾಟಿದವನಲ್ಲ. "ಬನ್ನಿ, ಈಗ ನಿಮ್ಮ ಕಾಲಲ್ಲೇನಿದೆ," ಎಂದಳು ಮೂವತ್ತಕ್ಕ.

ಅವಳು ಫಾರಂ ತೆಗೆದು ಕಾಲಂ ತುಂಬಿದಳು. ವೀರ್ಯ ತೆಗೆಯುವ ಐದು ವಾರ ಮೊದಲು ನಾಲ್ಕು ದಿನ ಜ್ವರ. ಶೀಟಿನಲ್ಲಿ ದಾಖಲಾಗಿಲ್ಲ. ತಿಳಿಸಿದವರು, ಕುದುರೆಯನ್ನು ನೋಡಿಕೊಳ್ಳುತ್ತಿದ್ದವರು. ಅವನು ಕೆಳಗೆ ದುಂಡಗೆ ಸಹಿ ಹಾಕಿದ. ಡಾಕ್ಟರಮ್ಮ ಓದಿ ಇಬ್ಬರನ್ನೂ ನೋಡಿದಳು. ವಿಚಾರಣೆ ನಡೆಯಬಹುದು, ನಡೆಯದಿರಲೂಬಹುದು, ಎಂದು ಮೆಲ್ಲಗೆ ಹೇಳಿ ತಾನೂ ಸಹಿ ಮಾಡಿ ಹೊರಗೆ ಹೋದಳು.

ಇನ್ನು ಉಳಿದ ಇಪ್ಪತ್ತೆರಡು ಸ್ಟ್ರಾಗಳನ್ನು ಕರಗಿಸಿ ಬಚ್ಚಲಿಗೆ ಸುರಿಯುವುದೊಂದು ಬಾಕಿ. ಮೂವತ್ತಕ್ಕ ಕ್ಯಾನಿಗೆ ಕೈ ಹಾಕಿದಾಗ ಗಂಡ ಕೋಲೂರಿ ಹತ್ತಿರ ಬಂದ.

"ಸುರಿಯೋಕೆ ಮುಂಚೆ... ಒಂದ್ಸಲ ನೋಡ್ಬೋದಾ?"

ಫೇಲಾದ ಬ್ಯಾಚನ್ನು ಮತ್ತೆ ನೋಡುವ ಪದ್ಧತಿ ಇರಲಿಲ್ಲ. ಅವಳು ಒಂದು ಸ್ಟ್ರಾ ಎತ್ತಿದಳು. ಪಾಸಾಗುವ ಕುದುರೆಗೆ ಮಾಡುವಷ್ಟೇ ಜೋಪಾನವಾಗಿ, ಮೂವತ್ತು ಸೆಕೆಂಡು ಎಣಿಸಿ ತೆಗೆದು, ಒರೆಸಿ, ಕತ್ತರಿಸಿ, ಹತ್ತು ನಿಮಿಷ ಕಾದು ಸ್ಲೈಡು ಇಟ್ಟಳು. ಅವನು ಕೋಲು ಮೇಜಿಗೆ ಒರಗಿಸಿ ಬಗ್ಗಿದ.

"ಏನೂ ಕಾಣ್ತಿಲ್ಲ."

ಅವಳು ಅವನ ಭುಜದ ಮೇಲಿಂದ ಕೈ ಚಾಚಿ ತಿರುಪು ತಿರುಗಿಸಿದಳು.

"ಇವು ಓಡ್ತಾ ಇವೆ ಕಣೇ!"

"ಹೂಂ. ನೂರಕ್ಕೆ ಹದಿನೆಂಟು."

"ಇದೊಂದು ನೋಡು, ಎಷ್ಟು ನೆಟ್ಟಗೆ ಹೋಗ್ತಾ ಇದೆ. ಸತ್ತವ್ರ ಮಧ್ಯೆ ನುಗ್ಗಿಕೊಂಡು... ಥೇಟ್ ಅವನೇ." ಅವನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. "ಎಷ್ಟು ಹೊತ್ತು ಓಡ್ತವೆ ಇವು?"

"ಸ್ಲೈಡ್ ಮೇಲೆ ಇಪ್ಪತ್ತು ನಿಮಿಷ. ಜಾಸ್ತಿ ಅಂದ್ರೆ ಅರ್ಧ ಗಂಟೆ."

ಅವನು ಕಣ್ಣು ತೆಗೆಯಲಿಲ್ಲ. ಅವೆಲ್ಲ ನಿಲ್ಲುವವರೆಗೂ ತೆಗೆಯುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಸವೆದ ಸೊಂಟದಲ್ಲಿ ಅಷ್ಟು ಹೊತ್ತು ಬಗ್ಗಿ ನಿಲ್ಲುವುದು ಅವನಿಂದಾಗದು. ತಾನು ಮೂವತ್ತೊಂದು ವರ್ಷ ಕೂತ ಸ್ಟೂಲನ್ನು ಎಳೆದು ಅವನ ಹಿಂದೆ ಇಟ್ಟು, "ಕೂತ್ಕೊಂಡು ನೋಡಿ," ಎಂದಳು.